ಸಹಾಯ ಬೇಕು: ಒಂದೇ ಕೆಲಸ, ಹೆಂಗಸರಿಗೆ ಮಾತ್ರ ಕಮ್ಮಿ ಕೂಲಿ

ಎಲ್ಲರಿಗೂ ನಮಸ್ಕಾರ. ತುಮಕೂರಿನ ವಸಂತನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ನಾಲ್ಕು ವರ್ಷದಿಂದ ಪ್ಯಾಕಿಂಗ್ ಕೆಲಸದಲ್ಲಿದ್ದೀನಿ, ಕಂಟ್ರಾಕ್ಟರ್ ಕಡೆಯಿಂದ. ಮೊನ್ನೆ ಗೊತ್ತಾಯ್ತು, ಪಕ್ಕದ ಟೇಬಲ್‌ನಲ್ಲಿ ಇದೇ ಕೆಲಸ ಮಾಡೋ ಹುಡುಗರಿಗೆ ದಿನಕ್ಕೆ 60 ರೂಪಾಯಿ ಜಾಸ್ತಿ. ಕೇಳಿದ್ರೆ ಸೂಪರ್‌ವೈಸರ್ "ಅವರು ಲೋಡ್ ಎತ್ತುತ್ತಾರಮ್ಮ" ಅಂದ್ರು. ಆ ಬಾಕ್ಸ್ ನಾವೂ ಎತ್ತುತ್ತೀವಿ, ನೋಡೋಕೆ ಅವರಿಗೆ ಪುರುಸೊತ್ತಿಲ್ಲ ಅಷ್ಟೇ.

ಒಂದೇ ಥರದ ಕೆಲಸಕ್ಕೆ ಗಂಡು-ಹೆಣ್ಣು ಅಂತ ಕೂಲಿಯಲ್ಲಿ ಭೇದ ಮಾಡಬಾರದು ಅಂತ 1976ರಲ್ಲೇ ಕಾಯ್ದೆ ಬಂದಿತ್ತು, 2019ರ ವೇತನ ಸಂಹಿತೆಯಲ್ಲೂ ಅದೇ ಇದೆ. ಕಾರ್ಮಿಕ ಇಲಾಖೆಗೆ ದೂರು ಕೊಡೋದಾದ್ರೆ ಕಂಟ್ರಾಕ್ಟರ್ ಮೇಲೋ, ಕಂಪನಿ ಮೇಲೋ? ಪೇ ಸ್ಲಿಪ್ ಕೊಡಲ್ಲ, ನನ್ನ ಹತ್ರ ಇರೋದು ಪಾಸ್‌ಬುಕ್ ಮಾತ್ರ. ಹುಡುಗರ ಕೂಲಿ ಎಷ್ಟು ಅಂತ ತೋರಿಸೋದು ಹೇಗೆ? ಹೆಸರು ಹೊರಗೆ ಬಂದ್ರೆ ಮಾರನೇ ದಿನವೇ ಗೇಟ್ ಒಳಗೆ ಬಿಡಲ್ಲ ಅನ್ನೋ ಭಯ ಬೇರೆ. ಇಂಥದ್ದಕ್ಕೆ ಓಡಾಡಿದವರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ.