ಬಿದ್ದು ಮೂರು ವಾರ ಆಯ್ತು, ಈಗ ಅಮ್ಮನ ಕಾಲಲ್ಲಿ ಚಪ್ಪಲಿ ನಿಲ್ಲುತ್ತಿಲ್ಲ

ಪ್ರಶ್ನೆ: ಡಾಕ್ಟ್ರೇ, ಅಮ್ಮನಿಗೆ 74 ವರ್ಷ. ಮೂರು ವಾರದ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದರು. ಎಕ್ಸ್‌ರೇ ನೋಡಿ ಡಿ12 ಮೂಳೆ (ಎದೆಯ ಹಿಂಭಾಗದ ಬೆನ್ನುಮೂಳೆಯ ಕೊನೆಯ ಮಣಿ) ಸ್ವಲ್ಪ ಕುಸಿದಿದೆ, ಬೆಲ್ಟ್ ಹಾಕಿಕೊಳ್ಳಲಿ ಎಂದರು. ನೋವು ಇಳಿದು ಓಡಾಡಿಕೊಂಡಿದ್ದರು. ಎರಡು ದಿನದಿಂದ ನಡೆಯುವಾಗ ಬಲಗಾಲಿನ ಚಪ್ಪಲಿ ಹಿಂದೆಯೇ ಉಳಿದುಬಿಡುತ್ತದೆ, ಅವರಿಗೆ ಗೊತ್ತೇ ಆಗುವುದಿಲ್ಲ. ಚಿಕ್ಕಮ್ಮ ಎಣ್ಣೆ ಹಚ್ಚಿ ನೀವಿಸೋಣ ಅಂತಿದ್ದಾರೆ. ಮಾಡಬಹುದಾ?

ಉತ್ತರ (ಮೂಳೆ ವೈದ್ಯ): ಬೇಡವೇ ಬೇಡ. ಇವತ್ತೇ ಎಂಆರ್‌ಐ ಇರುವ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಮೂಳೆ ಸವೆದವರಲ್ಲಿ ಮುರಿದ ಜಾಗ ಕೆಲವೊಮ್ಮೆ ಕೂಡಿಕೊಳ್ಳುವುದೇ ಇಲ್ಲ. ರಕ್ತ ಸರಿಯಾಗಿ ಸಿಗದೆ ವಾರ, ತಿಂಗಳುಗಳಲ್ಲಿ ಇನ್ನಷ್ಟು ಕುಸಿಯುತ್ತದೆ. ಚೂರು ಹಿಂದಕ್ಕೆ ಸರಿದು ಬೆನ್ನುಮೂಳೆಯೊಳಗಿನ ನರದ ಹುರಿಯನ್ನು ಒತ್ತುತ್ತದೆ, ಕಾಲು ಸೋತು ಚಪ್ಪಲಿ ಜಾರುವುದು ಅದರಿಂದಲೇ ಇರಬಹುದು. ಜರ್ಮನಿಯ ಸರ್ಜನ್ ಹರ್ಮನ್ ಕ್ಯುಮೆಲ್ 1890ರ ದಶಕದಲ್ಲೇ ಹೀಗೆ ತಡವಾಗಿ ಕುಸಿಯುವುದನ್ನು ವಿವರಿಸಿದ್ದರು. ಡಿ12 ಅಂದರೆ ಹುರಿಯ ತುದಿಭಾಗ ಇರುವ ಜಾಗ. ಕಾಲಿಗೂ ಮೂತ್ರಕ್ಕೂ ಹೋಗುವ ನರಗಳು ಅಲ್ಲೇ ಗುಂಪಾಗಿವೆ. ಮಲಗಿಸಿ ತೆಗೆದ ಎಕ್ಸ್‌ರೇಯಲ್ಲಿ ಮೂಳೆ ಪರವಾಗಿಲ್ಲ ಅನ್ನಿಸಿ, ಕೂತಾಗ ಚಪ್ಪಟೆಯಾಗುವುದೂ ಉಂಟು.

ನೋವು ಇಳಿದಿದ್ದನ್ನು ನಂಬಬೇಡಿ. ಅವರನ್ನು ಮಲಗಿಸಿ, ಎರಡೂ ಕಾಲಿನ ಹೆಬ್ಬೆರಳನ್ನು ಮುಖದ ಕಡೆ ಎತ್ತಲು ಹೇಳಿ. ಒಂದು ಕಡೆ ಸೋಲುತ್ತಿದೆಯಾ? ತೊಡೆ ಸಂದಿಯಲ್ಲಿ ಜೋಮು ಇದೆಯಾ? ಮೂತ್ರ ಹೇಗಿದೆ? ಕೊನೆಯದನ್ನು ನೀವೇ ಕೇಳಬೇಕು, ನಮ್ಮ ಅಮ್ಮಂದಿರು ತಾವಾಗಿ ಹೇಳುವುದಿಲ್ಲ.

ಇನ್ನೊಬ್ಬರು: ಸರ್, ನಮ್ಮ ತಂದೆಯ ಬೆನ್ನು ವರ್ಷಗಳಿಂದ ಬಾಗಿ ಸೆಟೆದುಹೋಗಿದೆ. ರಕ್ತ ತೆಳುವಾಗುವ ಮಾತ್ರೆ ಬೇರೆ. ನಿನ್ನೆ ಮಂಚದಿಂದ ಜಾರಿದರು, ಎಕ್ಸ್‌ರೇ ನಾರ್ಮಲ್ ಅಂದರು.

ಉತ್ತರ: ಸೆಟೆದ ಬೆನ್ನು ಒಣಗಿದ ಕೋಲಿನ ಹಾಗೆ, ಸಣ್ಣ ಪೆಟ್ಟಿಗೂ ಅಡ್ಡಡ್ಡ ಮುರಿಯುತ್ತದೆ. ಎಕ್ಸ್‌ರೇಯಲ್ಲಿ ತಪ್ಪಿಹೋಗುವುದು ಜಾಸ್ತಿ. ನೋವಿದ್ದರೆ ಸಿಟಿ ಸ್ಕ್ಯಾನ್ ಕೇಳಿ. ಮಾತ್ರೆಯ ವಿಷಯ ಮೊದಲೇ ಹೇಳಿ, ಬೆನ್ನೊಳಗೆ ರಕ್ತ ಸೋರಿ ತುಂಬಿಕೊಂಡು, ಹುರಿ ಒತ್ತಿಹೋಗಿ ಗಂಟೆಗಳಲ್ಲೇ ಕಾಲು ಸೋಲಬಹುದು. ಸಾಗಿಸುವಾಗ ಬಾಗಿದ ಬೆನ್ನನ್ನು ನೆಟ್ಟಗೆ ಮಾಡಲು ಹೋಗಬೇಡಿ, ಇದ್ದ ಹಾಗೇ ದಿಂಬು ಕೊಡಿ.

ಮೊದಲು ಕೇಳಿದವರು: ಬಲ ಹೆಬ್ಬೆರಳು ಏಳ್ತಾ ಇಲ್ಲ ಡಾಕ್ಟ್ರೇ. ಬೆಳಿಗ್ಗೆಯಿಂದ ಮೂತ್ರವೂ ಹೋಗಿಲ್ಲವಂತೆ, ಕೇಳಿದ ಮೇಲೆ ಹೇಳಿದರು. ಆಟೋ ಕರೆಯುತ್ತಿದ್ದೇನೆ.

ಉತ್ತರ: ಆಟೋ ಬೇಡ, 108ಕ್ಕೆ ಫೋನ್ ಮಾಡಿ. ಮೈ ತಿರುಚದಂತೆ ಮಲಗಿಸಿಯೇ ಒಯ್ಯಲಿ. ಆಪರೇಷನ್ ಬೇಕಾಗಬಹುದು, ಹೊಟ್ಟೆಗೆ ಏನೂ ಕೊಡಬೇಡಿ. ಹಳೇ ಎಕ್ಸ್‌ರೇ ಮರೆಯಬೇಡಿ.