ಒಂದೇ ದಿನದಲ್ಲಿ ನ್ಯಾಶ್‌ವಿಲ್: ಅತ್ತೆ, ಮಕ್ಕಳ ಜೊತೆ ಏನು ನೋಡಬೇಕು, ಏನು ಬಿಡಬೇಕು?

ಪ್ರಶ್ನೆ:
ಶುಕ್ರವಾರ ರಾತ್ರಿ ಅಟ್ಲಾಂಟಾದಿಂದ ಕಾರಿನಲ್ಲಿ ನ್ಯಾಶ್‌ವಿಲ್ ತಲುಪಿ, ಶನಿವಾರ ಪೂರ್ತಿ ಅಲ್ಲಿದ್ದು, ಭಾನುವಾರ ವಾಪಸ್ ಹೊರಡುವ ಯೋಚನೆ. ನಾವಿಬ್ಬರು, 12 ವರ್ಷದ ಮಗಳು, 7 ವರ್ಷದ ಮಗ, ದಾವಣಗೆರೆಯಿಂದ ಬಂದಿರುವ ಅತ್ತೆ. ಅತ್ತೆಗೆ ಮಂಡಿನೋವು, ಒಂದೇ ಸಮನೆ ಹತ್ತು ನಿಮಿಷಕ್ಕಿಂತ ಹೆಚ್ಚು ನಡೆಯಲಾರರು. ಈರುಳ್ಳಿ, ಬೆಳ್ಳುಳ್ಳಿ ತಿನ್ನುತ್ತಾರೆ. ಮೊಟ್ಟೆ, ಮಾಂಸ ಇಲ್ಲ. ದೊಡ್ಡವಳು ಕರ್ನಾಟಕ ಸಂಗೀತದ ವಯಲಿನ್ ಕಲಿಯುತ್ತಿದ್ದಾಳೆ. ನ್ಯಾಶ್‌ವಿಲ್ ಕಂಟ್ರಿ ಸಂಗೀತದ, ಅಂದರೆ ಅಮೆರಿಕದ ಹಳ್ಳಿಗಾಡಿನ ಹಾಡಿನ, ತವರು ಅಂತಾರೆ, ಆದರೆ ಅದರ ಪರಿಚಯ ನಮಗ್ಯಾರಿಗೂ ಇಲ್ಲ. ಹೋಗುವುದು ಜುಲೈನಲ್ಲಿ. ತಿಳಿದವರು ದಾರಿ ಹೇಳಿ.

ನ್ಯಾಶ್‌ವಿಲ್ ಪಕ್ಕದ ಫ್ರಾಂಕ್ಲಿನ್‌ನಲ್ಲಿರುವವರೊಬ್ಬರು:
ಮೊದಲು ಶನಿವಾರ ಸಂಜೆಯ ಗ್ರ್ಯಾಂಡ್ ಓಲ್ ಆಪ್ರಿ ಟಿಕೆಟ್ ತೆಗೆದಿಡಿ. ಮಿಕ್ಕ ದಿನವನ್ನು ಅದಕ್ಕೆ ಹೊಂದಿಸಿಕೊಳ್ಳಿ. ಹೆಚ್ಚಿನವರು ಇದನ್ನು ಉಲ್ಟಾ ಮಾಡುತ್ತಾರೆ. ಹಗಲೆಲ್ಲ ಊರು ಸುತ್ತಿ ಸಂಜೆ ಟಿಕೆಟ್ ನೋಡಿದರೆ ಐದು ಸೀಟು ಒಂದೇ ಕಡೆ ಸಿಗುವುದಿಲ್ಲ, ಸಿಕ್ಕರೂ ಬಾಲ್ಕನಿಯ ಮೇಲ್ತುದಿಯಲ್ಲಿ. ನಿಮ್ಮ ಅತ್ತೆಯವರಿಗೆ ಆ ಮೆಟ್ಟಿಲು ಆಗುವುದಿಲ್ಲ. ಕೆಳಗಿನ ಮಹಡಿಯಲ್ಲೇ, ಸಾಲಿನ ಅಂಚಿನ ಸೀಟು ಸೇರುವ ಹಾಗೆ ತಗೊಳ್ಳಿ.

ಆಪ್ರಿ ಅಂದರೆ ಒಬ್ಬರೇ ಗಾಯಕರ ಕಛೇರಿ ಅಲ್ಲ, ಬಾನುಲಿ ಕಾರ್ಯಕ್ರಮ. 1925ರ ನವೆಂಬರ್ 28ರಂದು ಡಬ್ಲ್ಯುಎಸ್‌ಎಂ ರೇಡಿಯೊದಲ್ಲಿ ಶುರುವಾಗಿ ಇವತ್ತಿಗೂ 650 ಎಎಂನಲ್ಲಿ ನೇರಪ್ರಸಾರ ಆಗುತ್ತಿದೆ. ಸುಮಾರು ಎರಡು ಗಂಟೆಯಲ್ಲಿ ಹಲವು ಕಲಾವಿದರು ಬಂದು ತಲಾ ಎರಡೋ ಮೂರೋ ಹಾಡು ಹಾಡಿ ಹೋಗುತ್ತಾರೆ. ಹಳೇ ಕಾಲದವರು, ಹೊಸ ಹುಡುಗರು, ಬ್ಲೂಗ್ರಾಸ್ (ಬ್ಯಾಂಜೊ, ಮ್ಯಾಂಡೊಲಿನ್, ಫಿಡಲ್‌ಗಳ ಚುರುಕು ಸಂಗೀತ) ಮೇಳ, ನಡುವೆ ಒಬ್ಬ ಹಾಸ್ಯಗಾರ. ಹಾಡಿನ ಪರಿಚಯ ಇಲ್ಲದವರಿಗೆ ಇದಕ್ಕಿಂತ ಒಳ್ಳೆಯ ಬಾಗಿಲು ಬೇರೆ ಇಲ್ಲ. ಒಂದು ಹಿಡಿಸದಿದ್ದರೆ ಹತ್ತು ನಿಮಿಷದಲ್ಲಿ ಇನ್ನೊಂದು ಬರುತ್ತದೆ, ಏಳು ವರ್ಷದ ಮಗು ಕೂಡ ಕೂರುತ್ತದೆ.

ವೇದಿಕೆಯ ನಡುವೆ, ಮೈಕಿನ ಕೆಳಗೆ, ಆರು ಅಡಿ ಅಗಲದ ಒಂದು ಮರದ ವೃತ್ತ ಕಾಣುತ್ತದೆ. ಸುತ್ತಲಿನ ಹಲಗೆಗಿಂತ ಅದರ ಬಣ್ಣ ಬೇರೆ. 1974ರಲ್ಲಿ ಆಪ್ರಿ ಈಗಿನ ಆಪ್ರಿ ಹೌಸ್ ಕಟ್ಟಡಕ್ಕೆ ಬಂದಾಗ ಡೌನ್‌ಟೌನ್‌ನ ಹಳೆಯ ರೈಮನ್ ರಂಗಮಂದಿರದ ವೇದಿಕೆಯಿಂದ ಕತ್ತರಿಸಿ ತಂದು ಕೂಡಿಸಿದ್ದು. 2010ರ ಮೇ ಪ್ರವಾಹದಲ್ಲಿ ವೇದಿಕೆಯೇ ಮುಳುಗಿತ್ತು. ಆ ವೃತ್ತವನ್ನು ದುರಸ್ತಿ ಮಾಡಿ ಮತ್ತೆ ಅದೇ ಜಾಗಕ್ಕೆ ಹಾಕಿದರು. ಮಕ್ಕಳಿಗೆ ಮೊದಲೇ ಹೇಳಿಡಿ, ಹಾಡಲು ಬಂದವರು ಯಾವಾಗ ಆ ವೃತ್ತದೊಳಗೆ ಹೆಜ್ಜೆ ಇಡುತ್ತಾರೆ ಅಂತ ಕಾಯುತ್ತಾ ಕೂರುತ್ತಾರೆ.

ಎರಡು ಎಚ್ಚರಿಕೆ. ಆಪ್ರಿ ಹೌಸ್ ಡೌನ್‌ಟೌನ್‌ನಲ್ಲಿಲ್ಲ, ಅಲ್ಲಿಂದ ಸುಮಾರು 10 ಮೈಲಿ, ಬ್ರೈಲಿ ಪಾರ್ಕ್‌ವೇ ಮೇಲೆ. ಶನಿವಾರ ಸಂಜೆ ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ಕೆಲವು ದಿನ, ಹೆಚ್ಚಾಗಿ ಚಳಿಗಾಲದಲ್ಲಿ, ಆಪ್ರಿ ರೈಮನ್‌ನಲ್ಲೇ ನಡೆಯುತ್ತದೆ. ಟಿಕೆಟ್ ಮೇಲೆ ಯಾವ ಕಟ್ಟಡದ ಹೆಸರಿದೆ ಅಂತ ಓದಿಕೊಂಡೇ ಹೊರಡಿ.

ಅಟ್ಲಾಂಟಾದಿಂದ ಆಗಾಗ ಹೋಗುವವರು:
ಗಡಿಯಾರದ ವಿಷಯ ಯಾರೂ ಹೇಳಲ್ಲ, ಎಡವುವುದು ಅಲ್ಲೇ. ಅಟ್ಲಾಂಟಾ, ದಾರಿಯಲ್ಲಿ ಸಿಗುವ ಚಟನೂಗ ಈಸ್ಟರ್ನ್ ಸಮಯ; ನ್ಯಾಶ್‌ವಿಲ್ ಸೆಂಟ್ರಲ್. ಚಟನೂಗ ದಾಟಿ ಸ್ವಲ್ಪ ದೂರ ಹೋದ ಮೇಲೆ ಐ-24 ಹೆದ್ದಾರಿಯಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಅಟ್ಲಾಂಟಾದಲ್ಲಿ ಕೂತು ಫೋನಿನ ಕ್ಯಾಲೆಂಡರಿನಲ್ಲಿ ‘ಸಂಜೆ 7, ಆಪ್ರಿ’ ಅಂತ ಬರೆದರೆ ಫೋನು ಅದನ್ನು ಈಸ್ಟರ್ನ್ 7 ಅಂತ ಉಳಿಸಿಕೊಂಡು, ನ್ಯಾಶ್‌ವಿಲ್‌ಗೆ ಹೋದ ಮೇಲೆ 6 ಅಂತ ತೋರಿಸುತ್ತದೆ. ಆಪ್ರಿಗೆ ಬೇಗ ಹೋದರೆ ನಷ್ಟವಿಲ್ಲ, ಆದರೆ ಮ್ಯೂಸಿಯಂನ ಹೊತ್ತು ಗೊತ್ತುಮಾಡಿದ ಪ್ರವಾಸಕ್ಕೂ ಇದೇ ಗೊಂದಲ ಆಗಿ ಇಡೀ ಬೆಳಿಗ್ಗೆ ಕೆಡುತ್ತದೆ. ಬರೆಯುವಾಗಲೇ ಟೈಮ್‌ಝೋನ್ ಸೆಂಟ್ರಲ್‌ಗೆ ಬದಲಿಸಿ. ಹಳೇ ಕಾರುಗಳ ಗಡಿಯಾರ ತಾನಾಗಿ ಬದಲಾಗುವುದಿಲ್ಲ.

ದಾರಿ ಸುಮಾರು 250 ಮೈಲಿ, ನಾಲ್ಕು ಗಂಟೆ. ಚಟನೂಗ ದಾಟಿದ ಮೇಲೆ ಮಾಂಟೀಗಲ್ ಬೆಟ್ಟ ಬರುತ್ತದೆ. ಏರು, ಇಳಿಜಾರು ಎರಡೂ ಕಡಿದು, ಲಾರಿಗಳು ನಿಧಾನ. ರಾತ್ರಿ ಮಳೆ ಇದ್ದರೆ ಅಲ್ಲಿ ಆತುರ ಬೇಡ. ವಾಪಸ್ ಬರುವಾಗ ಒಂದು ಗಂಟೆ ಕಳೆದುಕೊಳ್ಳುತ್ತೀರಿ: ಅಲ್ಲಿ 9ಕ್ಕೆ ಬಿಟ್ಟರೆ ಇಲ್ಲಿ ಮಧ್ಯಾಹ್ನ 2.

ಹೋಟೆಲ್ ಡೌನ್‌ಟೌನ್‌ನಲ್ಲಿ ಬೇಡ. ಆಪ್ರಿ ಹೌಸ್ ಬಳಿಯ ಮ್ಯೂಸಿಕ್ ವ್ಯಾಲಿಯಲ್ಲೋ ಏರ್‌ಪೋರ್ಟ್ ಹತ್ತಿರವೋ ಮಾಡಿ. ಮಧ್ಯಾಹ್ನ ಅಲ್ಲಿಗೆ ಬಂದು ಎರಡು ಗಂಟೆ ಮಲಗಿ ಎದ್ದರೆ ಮಾತ್ರ ಅತ್ತೆಯವರು, ಚಿಕ್ಕವನು ರಾತ್ರಿ ಒಂಬತ್ತರವರೆಗೆ ಚೆನ್ನಾಗಿರುತ್ತಾರೆ.

ಪಾರ್ಕಿಂಗ್: ಡೌನ್‌ಟೌನ್‌ನ ಖಾಸಗಿ ಜಾಗಗಳಲ್ಲಿ ಆಳು ಇರುವುದಿಲ್ಲ, ಕ್ಯಾಮೆರಾ ನಂಬರ್ ಪ್ಲೇಟ್ ಓದುತ್ತದೆ. ಅಕ್ಕಪಕ್ಕದ ಎರಡು ಜಾಗ ಒಂದೇ ಥರ ಕಂಡರೂ ಮಾಲೀಕರು ಬೇರೆ, ವಲಯದ ಸಂಖ್ಯೆ ಬೇರೆ. ಪಕ್ಕದ ಬೋರ್ಡಿನ ಸಂಖ್ಯೆಗೆ ದುಡ್ಡು ಕಟ್ಟಿದರೆ ಕಟ್ಟಿದ್ದೂ ಹೋಗುತ್ತದೆ, ಮನೆಗೆ ದಂಡದ ಪತ್ರವೂ ಬರುತ್ತದೆ. ಕಾರಿಗೆ ಅತಿ ಹತ್ತಿರದ ಬೋರ್ಡು ನೋಡಿ ಕಟ್ಟಿ, ರಸೀದಿಯ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ದೊಡ್ಡ ಕಾರ್ಯಕ್ರಮ ಇರುವ ದಿನ ದರ ಏರುತ್ತದೆ. ಬೆಳಿಗ್ಗೆ 9ಕ್ಕೆ ಮೊದಲು ಸೇರಿಕೊಂಡರೆ ಒಳ್ಳೆಯದು.

ಗಿಟಾರ್ ನುಡಿಸುವವರೊಬ್ಬರು, ನ್ಯಾಶ್‌ವಿಲ್:
ಬೆಳಿಗ್ಗೆ 9ಕ್ಕೆ ಬಾಗಿಲು ತೆಗೆಯುವಾಗಲೇ ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್ ಮ್ಯೂಸಿಯಂ ಹೊಕ್ಕುಬಿಡಿ. ದೊಡ್ಡವರಿಗೆ ಒಬ್ಬರಿಗೆ ಸುಮಾರು 30 ಡಾಲರ್, ತೆರಿಗೆ ಬೇರೆ. ಲಿಫ್ಟಿನಲ್ಲಿ ಮೂರನೇ ಮಹಡಿಗೆ ಹೋಗಿ ಕೆಳಕ್ಕೆ ಇಳಿಯುತ್ತಾ ಬರುವ ವ್ಯವಸ್ಥೆ, ಮಂಡಿಗೆ ತೊಂದರೆ ಇಲ್ಲ. ಎಲ್ಲ ಫಲಕ ಓದುತ್ತಾ ಕೂತರೆ ನಾಲ್ಕು ಗಂಟೆ ಸಾಲದು, ನಿಮಗೆ ಎರಡು ಸಾಕು. ಮಗಳಿಗೆ ಬಿಲ್ ಮನ್ರೋ ಅವರ 1923ರ ಗಿಬ್ಸನ್ ಎಫ್-5 ಮ್ಯಾಂಡೊಲಿನ್ ತೋರಿಸಿ. ಬ್ಲೂಗ್ರಾಸ್ ಅನ್ನುವ ಪ್ರಕಾರವೇ ಅದರ ಮೇಲೆ ಬೆಳೆದದ್ದು. 1985ರಲ್ಲಿ ಯಾರೋ ಮನೆಗೆ ನುಗ್ಗಿ ಅದನ್ನು ಚೂರುಚೂರು ಮಾಡಿದ್ದರು. ಸೀಳುಗಳನ್ನೆಲ್ಲ ಒಟ್ಟುಹಾಕಿ ಗಿಬ್ಸನ್‌ನವರು ಮತ್ತೆ ಜೋಡಿಸಿದರು. ಪಾಶ್ಚಾತ್ಯ ವಾದ್ಯ ಅಂದರೆ ಕಾರ್ಖಾನೆಯ ಸರಕು ಅಂದುಕೊಂಡವರು ಅದರ ಮುಂದೆ ಐದು ನಿಮಿಷ ನಿಲ್ಲಬೇಕು. ಹೊರಗಿನಿಂದ ಕಟ್ಟಡವನ್ನೂ ನೋಡಿ, ಕಿಟಕಿಗಳು ಪಿಯಾನೊದ ಕಪ್ಪು ಮನೆಗಳಂತೆ ಜೋಡಿಸಿವೆ.

ಹಳೆಯ ಧ್ವನಿಮುದ್ರಣ ಕೇಂದ್ರ ಆರ್‌ಸಿಎ ಸ್ಟುಡಿಯೊ ಬಿ ನೋಡಬೇಕೆಂದರೆ ಟಿಕೆಟ್ ಮ್ಯೂಸಿಯಂ ಮೂಲಕವೇ, ಬಸ್ಸೂ ಅಲ್ಲಿಂದಲೇ. ನೇರವಾಗಿ ಅದು ಇರುವ ಮ್ಯೂಸಿಕ್ ರೋ ಬಡಾವಣೆಗೆ ಕಾರು ಓಡಿಸಿದರೆ ಒಳಗೆ ಬಿಡುವುದಿಲ್ಲ. ಎಲ್ವಿಸ್ ಪ್ರೀಸ್ಲಿ 200ಕ್ಕೂ ಹೆಚ್ಚು ಹಾಡು ಧ್ವನಿಮುದ್ರಿಸಿದ ಕೋಣೆ ಅದು. 1967ರಲ್ಲಿ ಗಾಯಕಿ ಡಾಲಿ ಪಾರ್ಟನ್ ಇಲ್ಲಿಯ ಮೊದಲ ಧ್ವನಿಮುದ್ರಣಕ್ಕೆ ಅವಸರದಲ್ಲಿ ಬಂದು ಕಾರನ್ನು ಗೋಡೆಗೆ ಗುದ್ದಿದ ಗುರುತು ಇಟ್ಟಿಗೆಯ ಮೇಲೆ ಇನ್ನೂ ಇದೆ. ಆದರೆ ಹೋಗಿಬರಲು ಒಂದು ಗಂಟೆ ಬೇಕು, ಒಳಗೆ ನಿಂತು ಕೇಳುವ ಹೊತ್ತೇ ಜಾಸ್ತಿ. ಅಪ್ಪ–ಮಗಳು ಹೋಗಲಿ, ಉಳಿದವರು ಮ್ಯೂಸಿಯಂನಲ್ಲೇ ಇರಲಿ.

ಅದೇ ಕಟ್ಟಡದ ಹ್ಯಾಚ್ ಶೋ ಪ್ರಿಂಟ್ ಬಿಡಬೇಡಿ. 1879ರಿಂದ ನಡೆಯುತ್ತಿರುವ ಅಚ್ಚುಕೂಟ. ಇವತ್ತಿಗೂ ಮರದ ಅಚ್ಚುಮೊಳೆ ಜೋಡಿಸಿ, ಶಾಯಿ ಹಚ್ಚಿ ಪೋಸ್ಟರ್ ಒತ್ತುತ್ತಾರೆ. ಅಂಗಡಿಯೊಳಗೆ ಹೋಗಿ ನೋಡಲು ದುಡ್ಡಿಲ್ಲ.

ಫ್ರಾಂಕ್ಲಿನ್‌ನವರು:
ಸ್ಟುಡಿಯೊ ಬದಲು ರೈಮನ್ ಒಳಗೆ ಹೋಗಿ ಅನ್ನುತ್ತೇನೆ. ಮ್ಯೂಸಿಯಂನಿಂದ ಮೂರು ಬೀದಿ ಆಚೆ, ನಿಮ್ಮ ಲೆಕ್ಕದ ಹತ್ತು ನಿಮಿಷದೊಳಗೆ. 1892ರಲ್ಲಿ ಹಡಗು ವ್ಯಾಪಾರಿ ಟಾಮ್ ರೈಮನ್ ಧರ್ಮಪ್ರವಚನಕ್ಕೆಂದು ಕಟ್ಟಿಸಿದ್ದು. ಅದಕ್ಕೇ ಬಣ್ಣದ ಗಾಜಿನ ಕಿಟಕಿ, ಚರ್ಚಿನ ಮರದ ಬೆಂಚು. 1943ರಿಂದ 1974ರವರೆಗೆ ಆಪ್ರಿ ನಡೆದದ್ದು ಇಲ್ಲಿ. ಸಂಜೆ ಆ ವೃತ್ತ ನೋಡುವ ಮೊದಲು ಅದನ್ನು ಕತ್ತರಿಸಿ ತಂದ ಜಾಗ ನೋಡಿದ್ದರೆ ಎರಡೂ ಕೂಡಿಕೊಳ್ಳುತ್ತವೆ. ಅತ್ತೆಯವರು ಬೆಂಚಿನ ಮೇಲೆ ಕೂತು ಸುಧಾರಿಸಿಕೊಳ್ಳಲೂಬಹುದು. ದಾರಿ ಕೇಳುವಾಗ ನೆನಪಿರಲಿ: ರೈಮನ್ ಇರುವ, ಫಿಫ್ತ್ ಅವೆನ್ಯೂ ಅಂತ ಜನ ಹೇಳುವ ಬೀದಿಗೆ ಈಗ ಕರಿಯರ ಹಕ್ಕಿಗೆ ಹೋರಾಡಿದ ಜಾನ್ ಲೂಯಿಸ್ ಹೆಸರಿಟ್ಟಿದ್ದಾರೆ, ಬೋರ್ಡಿನಲ್ಲಿ ಅದೇ ಇರುತ್ತದೆ. ಅವರಂಥ ವಿದ್ಯಾರ್ಥಿಗಳಿಗೆ ಬಿಳಿಯರಿಗೆ ಮಾತ್ರ ಊಟ ಕೊಡುತ್ತಿದ್ದ ಕೌಂಟರ್‌ಗಳಲ್ಲಿ ಕೂತು ಮಾಡಿದ 1960ರ ಧರಣಿಗೆ ಮೊದಲು ಅಹಿಂಸೆಯ ತರಬೇತಿ ಕೊಟ್ಟ ಜೇಮ್ಸ್ ಲಾಸನ್ ನಾಗಪುರದಲ್ಲಿದ್ದಾಗ ಗಾಂಧೀಜಿಯವರ ಸತ್ಯಾಗ್ರಹ ಅಭ್ಯಾಸ ಮಾಡಿದ್ದವರು. ಆ ಬೀದಿಯಲ್ಲಿ ನಡೆಯುವಾಗ ಅತ್ತೆಯವರಿಗೆ ಇದನ್ನು ಹೇಳಿ.

ನ್ಯಾಶ್‌ವಿಲ್‌ನ ಗೃಹಿಣಿಯೊಬ್ಬರು:
ಊಟದ ಬಗ್ಗೆ ಬರೀತೀನಿ, ಮೋಸ ಹೋಗುವುದು ಇಲ್ಲೇ. ಇಲ್ಲಿಯ ಹಳೇ ಊಟದ ಮನೆಗಳಲ್ಲಿ ‘ಮೀಟ್ ಅಂಡ್ ತ್ರೀ’ ಅಂತ ಇರುತ್ತೆ: ಒಂದು ಮಾಂಸ, ಮೂರು ಪಲ್ಯ. ಮಾಂಸ ಬಿಟ್ಟು ‘ವೆಜಿಟೆಬಲ್ ಪ್ಲೇಟ್’ ಕೇಳಬಹುದು, ಆದರೆ ಅದು ಸಸ್ಯಾಹಾರ ಅಂತ ಅಲ್ಲ. ಹುರುಳಿಕಾಯಿ, ಟರ್ನಿಪ್ ಸೊಪ್ಪು, ಪಿಂಟೊ ಕಾಳು ಇವನ್ನೆಲ್ಲ ಹಂದಿಯ ಕಾಲಿನ ತುಂಡು ಹಾಕಿ ಗಂಟೆಗಟ್ಟಲೆ ಬೇಯಿಸಿ, ಬಡಿಸುವ ಮೊದಲು ತುಂಡು ತೆಗೆದುಬಿಡುತ್ತಾರೆ. ತಟ್ಟೆಯಲ್ಲಿ ಏನೂ ಕಾಣುವುದಿಲ್ಲ. ಮೆಕ್ಕೆಜೋಳದ ಬ್ರೆಡ್ಡಿಗೆ ಬಾಣಲೆಗೆ ಹಂದಿ ಕೊಬ್ಬು ಸವರಿರಬಹುದು, ಹಿಟ್ಟಿಗೆ ಮೊಟ್ಟೆಯೂ ಬಿದ್ದಿರುತ್ತೆ. ಬೆಂಡೆಕಾಯಿ ಕರಿದದ್ದು ಕಂಡು ಅತ್ತೆಯವರು ಖುಷಿಪಟ್ಟಾರು. ಕೋಳಿ ಕರಿದ ಎಣ್ಣೆಯೇ ಅದಕ್ಕೂ. ‘ವೆಜಿಟೇರಿಯನ್ನಾ?’ ಅಂತ ಕೇಳಬೇಡಿ, ಹೌದು ಅಂದುಬಿಡುತ್ತಾರೆ. ಬೇಯಿಸುವಾಗ ಹಂದಿ ಅಥವಾ ಕೋಳಿಯ ರಸ ಹಾಕಿದ್ದೀರಾ, ಕರಿಯುವ ಎಣ್ಣೆ ಬೇರೆ ಇದೆಯಾ, ಮೊಟ್ಟೆ ಇದೆಯಾ ಅಂತ ಒಂದೊಂದಾಗಿ ಕೇಳಿ.

ಮಧ್ಯಾಹ್ನಕ್ಕೆ ಸುಲಭ ಅಂದರೆ ಡೌನ್‌ಟೌನ್‌ನ ಮುಖ್ಯ ಬೀದಿ ಬ್ರಾಡ್‌ವೇ ಮೂಲೆಯ ಅಸೆಂಬ್ಲಿ ಫುಡ್ ಹಾಲ್. ಹತ್ತಾರು ಅಂಗಡಿ, ಒಬ್ಬೊಬ್ಬರು ಒಂದೊಂದು ತಿನ್ನಬಹುದು, ಕೂರಲು ಜಾಗ, ತಂಪು. 12ಕ್ಕೆ ಮೊದಲೇ ಹೋಗಿ. ಇಲ್ಲವೆಂದರೆ ನೋಲೆನ್ಸ್‌ವಿಲ್ ಪೈಕ್ ರಸ್ತೆ ಕಡೆ ಹೊರಳಿ. ಪಶ್ಚಿಮ ಏಷ್ಯಾದ ಕುರ್ದಿಶ್ ಜನ ದೊಡ್ಡ ಸಂಖ್ಯೆಯಲ್ಲಿ ನೆಲೆಸಿರುವ ಊರು ಇದು. ಅವರ ಬೇಕರಿಯ ಬಿಸಿ ರೊಟ್ಟಿ, ಕಡಲೆಯ ಹಮ್ಮಸ್ ಅತ್ತೆಯವರಿಗೆ ಒಗ್ಗುತ್ತೆ.

ಮನೆಯಿಂದ ತರುವುದಾದರೆ ಪುಳಿಯೋಗರೆ, ಚಪಾತಿ. ಮೊಸರನ್ನ ತಂದರೆ ಐಸ್ ಹಾಕಿದ ಕೂಲರ್‌ನಲ್ಲಿ ಮಾತ್ರ. ಜುಲೈನಲ್ಲಿ 32 ಡಿಗ್ರಿ ದಾಟುತ್ತೆ, ನಿಲ್ಲಿಸಿದ ಕಾರಿನೊಳಗೆ ಎರಡು ಗಂಟೆಯಲ್ಲಿ ಕೆಟ್ಟುಹೋಗುತ್ತೆ. ಮ್ಯೂಸಿಯಂ ಎದುರಿನ ವಾಕ್ ಆಫ್ ಫೇಮ್ ಪಾರ್ಕಿನಲ್ಲಿ ಕೂತು ಉಣ್ಣಬಹುದು.

ಪ್ರಶ್ನೆ ಕೇಳಿದವರು:
ತುಂಬಾ ಉಪಕಾರ. ಬ್ರಾಡ್‌ವೇಯಲ್ಲಿ ಎಲ್ಲ ಬಾರ್‌ಗಳೇ ಅಂತಾರೆ, ಮಕ್ಕಳನ್ನು, ಅತ್ತೆಯನ್ನು ಕರೆದುಕೊಂಡು ಹೋಗಬಹುದಾ?

ಗಿಟಾರ್ ನುಡಿಸುವವರು:
ಹಗಲು ಹೋಗಬಹುದು, ಹೋಗಲೇಬೇಕು. ಸಂಜೆಯಾದ ಮೇಲೆ ಬಹಳಷ್ಟು ಕಡೆ 21 ದಾಟಿದವರಿಗೆ ಮಾತ್ರ ಪ್ರವೇಶ, ಜನಜಂಗುಳಿಯೂ ವಿಪರೀತ. ಬೆಳಿಗ್ಗೆ 11ರ ಸುಮಾರಿಗೆ ರಾಬರ್ಟ್ಸ್ ವೆಸ್ಟರ್ನ್ ವರ್ಲ್ಡ್ ಅನ್ನುವ ಬಾರ್‌ಗೆ ಹೋಗಿ. ಅಲ್ಲಿ ಹಳೆಯ ಶೈಲಿಯ ಕಂಟ್ರಿ ನುಡಿಸುತ್ತಾರೆ. ಸ್ಪೀಕರಿನಿಂದ ದೂರ, ಗೋಡೆ ಬದಿಗೆ ಕೂರಿ. ಚಿಕ್ಕವನಿಗೆ ಕಿವಿಗೆ ಹಾಕುವ ಮಫ್, ಅತ್ತೆಯವರಿಗೆ ಹತ್ತಿಯಾದರೂ ಇರಲಿ.

ಮಗಳನ್ನು ಫಿಡಲ್ ಕಾಣುವ ಕಡೆ ಕೂರಿಸಿ. ವಾದ್ಯ ಅವಳದೇ ವಯಲಿನ್. ಅವಳು ನೆಲದ ಮೇಲೆ ಕೂತು ಪಾದಕ್ಕೆ ಆನಿಸಿ ನುಡಿಸಿದರೆ ಇವರು ನಿಂತು ಗದ್ದದ ಕೆಳಗೆ ಹಿಡಿಯುತ್ತಾರೆ. ಕೆಲವರು ತಂತಿ ಹೊರುವ ಬ್ರಿಜ್ಜಿನ ಮೇಲಂಚನ್ನು ಸ್ವಲ್ಪ ಚಪ್ಪಟೆ ಮಾಡಿಸಿಕೊಂಡಿರುತ್ತಾರೆ, ಎರಡು ತಂತಿ ಒಟ್ಟಿಗೆ ಎಳೆಯಲು ಸಲೀಸಾಗಲಿ ಅಂತ. ಪಕ್ಕದಲ್ಲಿ ಮೇಜಿನಂಥ ಪೆಡಲ್ ಸ್ಟೀಲ್ ಇದ್ದರೆ ಅದನ್ನೂ ನೋಡಲಿ: ಸಾಮಾನ್ಯವಾಗಿ ಹತ್ತು ತಂತಿ, ಎಡಗೈಯಲ್ಲಿ ಉಕ್ಕಿನ ಸರಳು, ಪಾದಕ್ಕೆ ಪೆಡಲು, ಮಂಡಿಗೆ ಸನ್ನೆಗೋಲು. ಸರಳು ಜಾರುವಾಗ ನಮ್ಮ ಗೋಟುವಾದ್ಯದ (ತಂತಿಯ ಮೇಲೆ ತುಂಡು ಜಾರಿಸಿ ನುಡಿಸುವ ವೀಣೆ) ಜಾರು ನೆನಪಾಗುತ್ತದೆ.

ಒಳಗೆ ಬರಲು ದುಡ್ಡು ಕೇಳುವುದಿಲ್ಲ ಅಂದರೆ ಸಂಗೀತ ಪುಕ್ಕಟೆ ಅಂತಲ್ಲ. ಕಲಾವಿದರ ಮನೆ ನಡೆಯುವುದು ಬಹುಮಟ್ಟಿಗೆ ಟಿಪ್ಪಿನಿಂದಲೇ. ಟಿಪ್ಪಿನ ಬಕೆಟ್ ಬಂದಾಗ ಕುಟುಂಬದ ಲೆಕ್ಕದಲ್ಲಿ 10 ಡಾಲರ್ ಹಾಕಿ, ಇಂಥದೇ ಹಾಡು ಬೇಕೆಂದರೆ ಹೆಚ್ಚು. 5ರ ನೋಟು ನಾಲ್ಕೈದು ಇಟ್ಟುಕೊಳ್ಳಿ. ನೋಟನ್ನು ಮಕ್ಕಳ ಕೈಯಲ್ಲೇ ಹಾಕಿಸಿ.

ಅಟ್ಲಾಂಟಾದವರು:
ಸಂಜೆ 5ಕ್ಕೆ ಹೋಟೆಲ್ ಬಿಟ್ಟರೆ ಆಪ್ರಿಗೆ ಮೊದಲು ಗೇಲಾರ್ಡ್ ಆಪ್ರಿಲ್ಯಾಂಡ್ ಹೋಟೆಲಿನ ಒಳತೋಟ ನೋಡಬಹುದು. ಗಾಜಿನ ಚಾವಣಿಯಡಿ 9 ಎಕರೆ ಗಿಡ, ಜಲಪಾತ. ತೋಟಕ್ಕೆ ಶುಲ್ಕವಿಲ್ಲ, ಆದರೆ ಅವರ ಜಾಗದಲ್ಲಿ ಕಾರು ನಿಲ್ಲಿಸಿದರೆ ಬಿಲ್ಲು ಜೋರು. ಅತ್ತೆಯವರನ್ನು ಬಾಗಿಲಲ್ಲಿ ಇಳಿಸಿ, ಕಾರನ್ನು ಪಕ್ಕದ ಆಪ್ರಿ ಮಿಲ್ಸ್ ಮಾಲ್ ಕಡೆ ನಿಲ್ಲಿಸಿ ನಡೆದು ಬನ್ನಿ. ಗೇಲಾರ್ಡ್ ಹೋಟೆಲಿನ ನೀರಿನ ಪಾರ್ಕ್ ಅಲ್ಲಿ ತಂಗಿದವರಿಗೆ ಮಾತ್ರ. ಮಕ್ಕಳಿಗೆ ಮೊದಲೇ ತಿಳಿಸಿ.

ಗ್ರೀಸಿನ ಪಾರ್ಥೆನಾನ್ ದೇಗುಲದ ಪ್ರತಿಕೃತಿ, ಹಾಡು ಬರೆದವರೇ ಬಂದು ಹಾಡುವ ಬ್ಲೂಬರ್ಡ್ ಕೆಫೆ ಈ ಸಲ ಬಿಡಿ. ಮೊದಲನೆಯದು ಊರಿನ ಇನ್ನೊಂದು ಬದಿ. ಎರಡನೆಯದರಲ್ಲಿ ಸುಮಾರು 90 ಸೀಟು, ಮುಂಗಡ ಕಾಯ್ದಿರಿಸದೆ ಐದು ಜನಕ್ಕೆ ಆಗುವುದಲ್ಲ.

ನ್ಯಾಶ್‌ವಿಲ್‌ನ ಗೃಹಿಣಿ:
ಭಾನುವಾರ ಗಣೇಶ ದೇವಸ್ಥಾನಕ್ಕೆ ಹೋಗುವ ಮನಸ್ಸಿದ್ದರೆ ಅದು ಬೆಲ್‌ವ್ಯೂ ಕಡೆ, ನಿಮ್ಮ ದಾರಿಗೆ ವಿರುದ್ಧ ದಿಕ್ಕು. ಹೋಗಿಬರಲು ಒಂದು ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ. ಬಾಗಿಲು ತೆಗೆಯುವ ಹೊತ್ತನ್ನು ದೇವಸ್ಥಾನದ ಜಾಲತಾಣದಲ್ಲಿ ನೋಡಿಕೊಂಡು, ಚೀಲವೆಲ್ಲ ಕಾರಿಗೆ ಹಾಕಿಯೇ ಹೊರಡಿ, ಮತ್ತೆ ಹೋಟೆಲಿಗೆ ಬರುವ ಹಾಗಾಗಬಾರದು.