ಫೆಬ್ರವರಿಯ ಹಾರುದೋಣಿ ದುರಂತ: ಪ್ಲಿಮತ್ ಮತ್ತು ಮೆಸ್ಸಿನಾ ಒಂದೇ ಘಟನೆಯೇ?

ಪ್ರಶ್ನೆ: ಉಣಕಲ್ ನಿವಾಸಿ, ಹುಬ್ಬಳ್ಳಿ

ಎರಡು ಮಹಾಯುದ್ಧಗಳ ನಡುವಿನ ವಿಮಾನಯಾನದ ಕುರಿತು ನಮ್ಮ ಓದುಗರ ಬಳಗದಲ್ಲಿ ಮಾತನಾಡಲು ನಾನು ಒಪ್ಪಿಕೊಂಡಿದ್ದೇನೆ. ಅದಕ್ಕಾಗಿ ಟಿಪ್ಪಣಿ ಮಾಡಿಕೊಳ್ಳುವಾಗ ಒಂದು ಗೊಂದಲ ಎದುರಾಗಿದೆ. ಬ್ರಿಟಿಷ್ ವಾಯುಪಡೆಯ ಒಂದು ಹಾರುದೋಣಿ (ನೀರಿನಿಂದಲೇ ಏರಿ ನೀರಿಗೇ ಇಳಿಯುವ ವಿಮಾನ) ಫೆಬ್ರವರಿ ತಿಂಗಳಲ್ಲಿ ಅಪಘಾತಕ್ಕೀಡಾಗಿ 9 ಮಂದಿ ಸತ್ತರೆಂದೂ, ಮೊದಲ ಮಹಾಯುದ್ಧದ ಅರಬ್ ಬಂಡಾಯದಲ್ಲಿ ಪಾಲ್ಗೊಂಡು ಅರೇಬಿಯಾದ ಲಾರೆನ್ಸ್ ಎಂದು ಹೆಸರಾದ ಬ್ರಿಟಿಷ್ ಸೇನಾಧಿಕಾರಿ, ಲೇಖಕ ಅಲ್ಲಿ ರಕ್ಷಣೆಗೆ ಧಾವಿಸಿದನೆಂದೂ ಒಂದೆಡೆ ಓದಿದೆ. ಇನ್ನೊಂದೆಡೆ ಅದೇ ಫೆಬ್ರವರಿ, ಅದೇ 9 ಸಾವು, ಆದರೆ ಸ್ಥಳ ಇಟಲಿಯ ಬೆಟ್ಟ. ಅದರ ಬೆನ್ನಿಗೇ ಇಬ್ಬರು ಅಮೆರಿಕನ್ ಸಹೋದರಿಯರ ಸಾವಿನ ಕಥೆಯೂ ಇದೆ. ಇವು ಒಂದೇ ಘಟನೆಯ ಎರಡು ರೂಪಗಳೋ, ಬೇರೆಬೇರೆ ಘಟನೆಗಳೋ?

ಇನ್ನೂ ಎರಡು ಸಂದೇಹಗಳಿವೆ. ನೀರಿನ ಮೇಲೆ ತೇಲಲೆಂದೇ ಕಟ್ಟಿದ ವಿಮಾನ ದಡದ ಕಣ್ಣಳತೆಯಲ್ಲೇ ನೀರಿಗೆ ಬಿದ್ದರೆ ಒಳಗಿದ್ದವರು ಸಾಯುವುದೇಕೆ? ಹಾಗೆಯೇ, ಈ ಅಪಘಾತದಿಂದಲೇ ವಾಯುಪಡೆಗೆ ವೇಗದ ರಕ್ಷಣಾ ದೋಣಿಗಳು ಬಂದವೆಂಬ ಮಾತು ಎಷ್ಟರಮಟ್ಟಿಗೆ ನಿಜ?

ಉತ್ತರ: ಬೆಟಗೇರಿಯ ಇತಿಹಾಸದ ಮಾಸ್ತರ

ಎರಡೂ ಬೇರೆಬೇರೆ ಘಟನೆಗಳು, ನಡುವೆ ನಾಲ್ಕು ವರ್ಷಗಳ ಅಂತರವಿದೆ. ತಿಂಗಳೂ ಸಾವಿನ ಸಂಖ್ಯೆಯೂ ಒಂದೇ ಆಗಿರುವುದರಿಂದ ಹೀಗೆ ಬೆರೆತುಹೋಗುವುದು ಸಹಜ.

ಮೊದಲನೆಯದು 1931ರ ಫೆಬ್ರವರಿ 4ರಂದು ಇಂಗ್ಲೆಂಡಿನ ಪ್ಲಿಮತ್ ಕೊಲ್ಲಿಯಲ್ಲಿ ನಡೆಯಿತು. ವಿಮಾನ ಬ್ಲ್ಯಾಕ್‌ಬರ್ನ್ ಐರಿಸ್. ಎರಡು ಜೊತೆ ರೆಕ್ಕೆಗಳ, ಮೂರು ರೋಲ್ಸ್ ರಾಯ್ಸ್ ಕಾಂಡರ್ ಎಂಜಿನ್‌ಗಳ ಭಾರಿ ಯಂತ್ರ. ಕೊಲ್ಲಿಯ ಅಂಚಿನ ಮೌಂಟ್ ಬ್ಯಾಟನ್ ನೆಲೆಯಲ್ಲಿ ವಾಯುಪಡೆಯ 209ನೆಯ ಸ್ಕ್ವಾಡ್ರನ್ (ತುಕಡಿ) ಇದನ್ನು ಹಾರಿಸುತ್ತಿತ್ತು. ನೀರಿಗಿಳಿಯಲು ಬರುತ್ತಿದ್ದ ವಿಮಾನ ಕೊನೆಯ ಗಳಿಗೆಯಲ್ಲಿ ಮಟ್ಟಸವಾಗದೆ ಮೂತಿ ಮುಂದಾಗಿ ಅಪ್ಪಳಿಸಿತು. ಒಳಗಿದ್ದ 12 ಮಂದಿಯಲ್ಲಿ 9 ಮಂದಿ ಸತ್ತರು, ಮೂವರು ಉಳಿದರು. ಆ ಹೊತ್ತಿಗೆ ಲಾರೆನ್ಸ್ ಅದೇ ನೆಲೆಯಲ್ಲಿ ಏರ್‌ಕ್ರಾಫ್ಟ್‌ಮನ್ ಶಾ ಎಂಬ ಹೆಸರಿನಲ್ಲಿ ಅತಿ ಕೆಳದರ್ಜೆಯ ಸಿಬ್ಬಂದಿಯಾಗಿ ದುಡಿಯುತ್ತಿದ್ದ. ಇದಕ್ಕೂ ಮೊದಲು ಅವನು ಕರಾಚಿಯಲ್ಲೂ ಇಂದಿನ ಪಾಕಿಸ್ತಾನದ ಗಡಿಭಾಗದ ಮಿರನ್‌ಶಾದಲ್ಲೂ ಇದೇ ದರ್ಜೆಯಲ್ಲಿದ್ದವನು. ಅಪಘಾತವನ್ನು ಕಣ್ಣಾರೆ ಕಂಡು ರಕ್ಷಣಾ ದೋಣಿಯಲ್ಲಿ ಹೊರಟವರಲ್ಲಿ ಅವನೂ ಒಬ್ಬ. ಸಾವಿನ ವಿಚಾರಣೆಯಲ್ಲಿ ಸಾಕ್ಷ್ಯವನ್ನೂ ನುಡಿದ. ತಪ್ಪು ಯಂತ್ರದ್ದಲ್ಲ, ಹಾರಿಸಿದ ರೀತಿಯದು ಎಂಬುದು ಅವನ ಖಾಸಗಿ ಪತ್ರಗಳಲ್ಲಿ ಕಾಣುವ ನಿಲುವು. ಪ್ಲಿಮತ್ತಿನ ಸಂಸತ್ ಸದಸ್ಯೆ ನ್ಯಾನ್ಸಿ ಆಸ್ಟರ್ ಅವನ ಆಪ್ತರಾಗಿದ್ದರಿಂದ ಅವನ ಅಭಿಪ್ರಾಯಗಳಿಗೆ ಅವನ ದರ್ಜೆಗೆ ಮೀರಿದ ಕಿವಿಗಳು ಸಿಗುತ್ತಿದ್ದವು ಎಂಬುದನ್ನು ನೀವು ಗಮನದಲ್ಲಿಡಬೇಕು.

ಎರಡನೆಯದು 1935ರ ಫೆಬ್ರವರಿ 15ರಂದು ಇಟಲಿಯ ಸಿಸಿಲಿ ದ್ವೀಪದ ಮೆಸ್ಸಿನಾ ಬಳಿ ನಡೆಯಿತು. ವಿಮಾನ ಶಾರ್ಟ್ ಸಿಂಗಪುರ್ ಮೂರನೆಯ ಮಾದರಿ, ಸಂಖ್ಯೆ ಕೆ 3595. ಒಟ್ಟು 37 ತಯಾರಾದ ಈ ಮಾದರಿಯಲ್ಲಿ ಅದು ಮೊದಲ ನಾಲ್ಕರಲ್ಲೊಂದು. ದೂರಪ್ರಾಚ್ಯಕ್ಕೆ ಸಾಗುತ್ತಿದ್ದ ನಾಲ್ಕು ಹಾರುದೋಣಿಗಳ ತಂಡದಲ್ಲಿದ್ದ ಅದು ನೇಪಲ್ಸ್‌ನಿಂದ ಮಾಲ್ಟಾಕ್ಕೆ ಹೋಗುವಾಗ, ಕೆಟ್ಟ ಹವೆಯಲ್ಲಿ, ಮೆಸ್ಸಿನಾದ ಬೆನ್ನಿಗಿರುವ ಬೆಟ್ಟಕ್ಕೆ ಬಡಿಯಿತು. ಒಳಗಿದ್ದ 9 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ.

ಸಮುದ್ರದ ಮೇಲೆ ಹಾರುವ ವಿಮಾನ ಬೆಟ್ಟಕ್ಕೆ ಬಡಿಯುವುದೇಕೆ ಎಂದು ನಿಮ್ಮ ಸಭೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ನಕಾಶೆಯಲ್ಲಿ ನೋಡಿದರೆ, ನೇಪಲ್ಸ್‌ನಿಂದ ದಕ್ಷಿಣಕ್ಕೆ ಬರುವವನು ಇಟಲಿಯ ಕಾಲ್ಬೆರಳಿಗೂ ಸಿಸಿಲಿಗೂ ನಡುವಿನ ಕಿರಿದಾದ ಜಲಸಂಧಿಯನ್ನು ದಾಟಬೇಕು. ಅದರ ಪಶ್ಚಿಮದ ದಡಕ್ಕೆ ಅಂಟಿಕೊಂಡೇ ಪೆಲೊರಿಟಾನಿ ಬೆಟ್ಟಗಳು ಸಾವಿರ ಮೀಟರಿಗೂ ಮಿಕ್ಕಿ ಏಳುತ್ತವೆ. ಮಳೆಗಾಲದ ಮುಂಜಾನೆ ಡಂಬಳದ ದಾರಿಯಲ್ಲಿ ನಿಂತು ಕಪ್ಪತಗುಡ್ಡದ ನೆತ್ತಿ ಮೋಡದಲ್ಲಿ ಇಲ್ಲವಾಗುವುದನ್ನು ಕಂಡವರಿಗೆ ಈ ಅಪಾಯವನ್ನು ವಿವರಿಸಬೇಕಾಗಿಲ್ಲ. ರೇಡಾರ್ ಇಲ್ಲದ ಆ ಕಾಲದಲ್ಲಿ, ಮೋಡದ ಕೆಳಗೆ ದಡವನ್ನು ನೋಡುತ್ತಾ ಹಾರುವುದೇ ರೂಢಿ. ದಡ ಕಾಣದಾದ ಮೇಲೆ ಉಳಿಯುವುದು ದಿಕ್ಸೂಚಿ, ಗಡಿಯಾರ ಮತ್ತು ಅಂದಾಜು ಮಾತ್ರ.

ಉತ್ತರ: ನಿವೃತ್ತ ಎಂಜಿನ್ ತಂತ್ರಜ್ಞ, ಧಾರವಾಡ

ನಿಮ್ಮ ಎರಡನೆಯ ಸಂದೇಹಕ್ಕೆ ಬರುತ್ತೇನೆ. ಕಾಲಿಗೆ ತೇಲುಬುರುಡೆ ಕಟ್ಟಿಕೊಂಡ ಸಮುದ್ರ ವಿಮಾನ ಬೇರೆ, ಹಾರುದೋಣಿ ಬೇರೆ. ಹಾರುದೋಣಿಯಲ್ಲಿ ಒಡಲೇ ದೋಣಿ. ಹಗುರವಾಗಿ ಇಳಿದರೆ ಆ ಒಡಲಿನ ತಳ ನೀರಿನ ಮೇಲೆ ಜಾರುತ್ತದೆ, ಭಾರವೆಲ್ಲ ನಿಧಾನವಾಗಿ ನೀರಿಗೆ ವರ್ಗವಾಗುತ್ತದೆ. ಆದರೆ ಮೂತಿ ಕೆಳಗೆ ಮಾಡಿ ವೇಗದಲ್ಲಿ ಬಡಿದಾಗ ನೀರು ಅಂಗಲವೂ ಕುಗ್ಗುವುದಿಲ್ಲ. ಮುಂಭಾಗದ ತೆಳ್ಳನೆಯ ತಗಡು ಸೀಳಿ, ನೀರು ಒಳಗೆ ನುಗ್ಗಿ, ದೋಣಿಯೇ ಪಂಜರವಾಗುತ್ತದೆ. ಐರಿಸ್‌ನಲ್ಲಿ ಮೂರು ಎಂಜಿನ್‌ಗಳು ಒಡಲಿಗಿಂತ ಎತ್ತರದಲ್ಲಿ, ಎರಡು ರೆಕ್ಕೆಗಳ ನಡುವೆ ಇದ್ದವು. ಸಿಬ್ಬಂದಿ ಒಡಲಿನ ಒಳಗೆ ಹಿಂದೆಮುಂದೆ ಹಂಚಿಹೋಗಿರುತ್ತಿದ್ದರು, ಹೊರಬರುವ ಕಿಂಡಿಗಳು ಸಣ್ಣವು. ಮೇಲೆ ಫೆಬ್ರವರಿಯ ಇಂಗ್ಲಿಷ್ ಸಮುದ್ರದ ತಣ್ಣೀರು, ಮೈಮೇಲೆ ದಪ್ಪ ಹಾರಾಟದ ಉಡುಪು. ಇಂಥಲ್ಲಿ ನಿಮಿಷಗಳ ಲೆಕ್ಕವೇ ಜೀವದ ಲೆಕ್ಕ, ಆದ್ದರಿಂದಲೇ ರಕ್ಷಣಾ ದೋಣಿಯ ವೇಗದ ಪ್ರಶ್ನೆ ಎದ್ದಿತು.

ವಾಯುಪಡೆಯ ಅಂದಿನ ದೋಣಿಗಳು ನೌಕಾಪಡೆಯ ಸಂಪ್ರದಾಯದವು. ನೀರನ್ನು ತಳ್ಳಿಕೊಂಡು ಸಾಗುವಂಥವು. ಅಂಥ ದೋಣಿಗೆ ತನ್ನದೇ ಅಲೆಯೊಂದು ಗೋಡೆಯಾಗಿ ನಿಲ್ಲುತ್ತದೆ, ಎಂಜಿನ್ ಎಷ್ಟೇ ದೊಡ್ಡದಾದರೂ ಒಂದು ಮಿತಿಯಾಚೆ ವೇಗ ಏರುವುದಿಲ್ಲ. ಚಪ್ಪಟೆ ತಳದ, ಚೂಪು ಅಂಚಿನ ದೋಣಿ ಮಾತ್ರ ಆ ಅಲೆಯನ್ನು ಹತ್ತಿ ನೀರಿನ ಮೇಲೆ ಜಾರಬಲ್ಲದು. ವಿಚಿತ್ರವೆಂದರೆ ಹಾರುದೋಣಿಯ ಒಡಲು ಮೇಲೇಳುವ ಮುನ್ನ ಮಾಡುವುದೂ ಇದನ್ನೇ. ಕಾಯಬೇಕಾದ ದೋಣಿಗೆ ತಾನು ಕಾಯುವ ವಿಮಾನದ ವಿದ್ಯೆಯೇ ಗೊತ್ತಿರಲಿಲ್ಲ! ಹೈದ್ ಎಂಬಲ್ಲಿ ಬ್ರಿಟಿಷ್ ಪವರ್ ಬೋಟ್ ಕಂಪನಿ ನಡೆಸುತ್ತಿದ್ದ ಹ್ಯೂಬರ್ಟ್ ಸ್ಕಾಟ್-ಪೇನ್ ಈ ಬಗೆಯ ದೋಣಿಗಳನ್ನು ವಾಯುಪಡೆಗೆ ಕಟ್ಟಿಕೊಟ್ಟ. ಅವನು ಅದಕ್ಕೂ ಮುಂಚೆ ಸೂಪರ್‌ಮರೀನ್ ಎಂಬ ಹಾರುದೋಣಿ ಕಾರ್ಖಾನೆಯ ಮುಖ್ಯಸ್ಥನಾಗಿದ್ದವನು ಎಂಬುದು ನನ್ನ ಮಟ್ಟಿಗೆ ಇಡೀ ಕಥೆಯ ಕೀಲಿ.

ಲಾರೆನ್ಸ್‌ನ ಪಾಲು ಇಲ್ಲಿ ನಿಜಕ್ಕೂ ದೊಡ್ಡದು. 1931ರಲ್ಲಿ ಅವನನ್ನು ಹೈದ್‌ಗೆ ಕಳಿಸಿದರು; ಮೂವತ್ತೇಳೂವರೆ ಅಡಿ ಉದ್ದದ, ಎರಡು ಎಂಜಿನ್‌ಗಳ ‘200’ ವರ್ಗದ ದೋಣಿಯನ್ನು ಅವನು ಕಡಲಲ್ಲಿ ಓಡಿಸಿ ಪರೀಕ್ಷಿಸಿದ; ಅದನ್ನು ನಡೆಸುವವರಿಗಾಗಿ ಕೈಪಿಡಿಯನ್ನೂ ತಾನೇ ಬರೆದ. ಎಂಜಿನ್ ಮನೆಯಲ್ಲಿ ವರ್ಷಗಟ್ಟಲೆ ಕೈಪಿಡಿಗಳ ಜೊತೆ ಏಗಿದ ನನಗೆ, ದೊಡ್ಡ ಲೇಖಕನೊಬ್ಬ ಪಂಪು, ಕ್ಲಚ್ಚುಗಳ ಬಗ್ಗೆ ಬರೆದನೆಂಬುದೇ ಅವನ ಮೇಲೆ ಗೌರವ ಹುಟ್ಟಿಸಿತು. ಆದರೆ ಅಪಘಾತದಿಂದಲೇ ದೋಣಿ ಹುಟ್ಟಿತು ಎನ್ನುವುದು ಸರಿಯಲ್ಲ. ಅಪಘಾತಕ್ಕೆ ಮುಂಚೆಯೇ ಅವನು ಮೌಂಟ್ ಬ್ಯಾಟನ್‌ನಲ್ಲಿ ‘ಬಿಸ್ಕಿಟ್’ ಎಂಬ ಪುಟ್ಟ ವೇಗದ ದೋಣಿಯನ್ನು ಓಡಿಸಿ ಅಂಥ ತಳದ ಗುಣವನ್ನು ಅರಿತಿದ್ದ, ವಾಯುಪಡೆ ಸಚಿವಾಲಯದ ಜಲಸಾಧನ ವಿಭಾಗದಲ್ಲೂ ಯೋಚನೆ ನಡೆದಿತ್ತು. 9 ಸಾವುಗಳು ಆ ಯೋಚನೆಗೆ ತುರ್ತನ್ನು ಕೊಟ್ಟವು.

ಉತ್ತರ: ಹಾವೇರಿಯಿಂದ ಒಬ್ಬ ಓದುಗಳು

ಸಹೋದರಿಯರ ಪ್ರಸಂಗ ಮೆಸ್ಸಿನಾಕ್ಕೇ ಸೇರಿದ್ದು. ನೇಪಲ್ಸ್‌ನಲ್ಲಿದ್ದ ಅಮೆರಿಕದ ಕಾನ್ಸುಲ್ ಜನರಲ್ ಕೋರ್ಟ್ ಡ್ಯುಬೊಯ್ಸ್ ಅವರ ಹೆಣ್ಣುಮಕ್ಕಳಾದ ಜೇನ್ ಮತ್ತು ಎಲಿಜಬೆತ್, ಸತ್ತ ಅಧಿಕಾರಿಗಳಲ್ಲಿ ಇಬ್ಬರಿಗೆ ಆಪ್ತರಾಗಿದ್ದರು. ಫೆಬ್ರವರಿ 21ರಂದು ಪ್ಯಾರಿಸ್‌ಗೆ ಹೊರಟಿದ್ದ ಸಣ್ಣ ಪ್ರಯಾಣಿಕ ವಿಮಾನವೊಂದರಿಂದ ಎಸೆಕ್ಸ್‌ನ ಅಪ್‌ಮಿನ್‌ಸ್ಟರ್ ಮೇಲೆ ಬಿದ್ದು ಇಬ್ಬರೂ ಪ್ರಾಣ ಕಳೆದುಕೊಂಡರು. ಇದನ್ನು ನೀವು ಹೇಳುವುದಾದರೆ ಎರಡೇ ವಾಕ್ಯಗಳಲ್ಲಿ ಹೇಳಿ ಮುಗಿಸಿ ಎಂದು ನನ್ನ ವಿನಂತಿ. ಇದನ್ನು ಪ್ರೇಮಕಥೆಯಾಗಿ ಹೇಳಲು ಹೊರಟವರ ಕೈಯಲ್ಲಿ ಬೆಟ್ಟಕ್ಕೆ ಬಡಿದವರು ಒಂಬತ್ತು ಮಂದಿ ಎಂಬುದೇ ಮರೆಯಾಗಿ, ಕೇವಲ ಇಬ್ಬರು ಸುಂದರ ಅಧಿಕಾರಿಗಳು ಉಳಿಯುತ್ತಾರೆ. ಎಂಜಿನ್ ನೋಡಿಕೊಳ್ಳುತ್ತಿದ್ದವರು, ನಿಸ್ತಂತು ಕೇಳುತ್ತಿದ್ದವರು ಯಾರ ಬಾಯಲ್ಲೂ ಬರುವುದಿಲ್ಲ. ಪ್ಲಿಮತ್ತಿನಲ್ಲೂ ಆದದ್ದು ಬೇರೆಯಲ್ಲ. ಅಲ್ಲಿ ಸತ್ತವರಿಗಿಂತ ದಡದಲ್ಲಿದ್ದ ಲಾರೆನ್ಸ್ ದೊಡ್ಡ ಸುದ್ದಿಯಾದ. ನಿಮ್ಮ ಪ್ರಶ್ನೆಯೂ ಅವನ ಹೆಸರಿನಿಂದ, ಆ ಸಹೋದರಿಯರ ಕಥೆಯಿಂದಲೇ ಆರಂಭವಾಗಿದೆ, ಗಮನಿಸಿ.

ಪ್ರಶ್ನೆ ಕೇಳಿದವರು: ಉಣಕಲ್ ನಿವಾಸಿ, ಹುಬ್ಬಳ್ಳಿ

ಮೂವರಿಗೂ ಕೃತಜ್ಞತೆಗಳು. ಹೀಗೆ ಹೇಳಬಹುದೇ: “1931ರಲ್ಲಿ ಪ್ಲಿಮತ್ತಿನಲ್ಲಿ 12ರಲ್ಲಿ 9 ಮಂದಿ, 1935ರಲ್ಲಿ ಮೆಸ್ಸಿನಾದಲ್ಲಿ 9ಕ್ಕೆ 9 ಮಂದಿ ಸತ್ತರು, ಈ ಎರಡು ದುರಂತಗಳ ಪಾಠದಿಂದ ಬ್ರಿಟಿಷ್ ವಾಯುಪಡೆ ವೇಗದ ರಕ್ಷಣಾ ದೋಣಿಗಳನ್ನು ಪಡೆಯಿತು”?

ಉತ್ತರ: ನಿವೃತ್ತ ಎಂಜಿನ್ ತಂತ್ರಜ್ಞ, ಧಾರವಾಡ

ವಾಕ್ಯದ ಮೊದಲರ್ಧ ಇರಲಿ, ಎರಡನೆಯದನ್ನು ತೆಗೆಯಿರಿ. ಮೆಸ್ಸಿನಾದ ಬೆಟ್ಟದ ಮೇಲೆ ಯಾವ ದೋಣಿಯೂ ಉಪಯೋಗಕ್ಕೆ ಬರುತ್ತಿರಲಿಲ್ಲ. ಅಲ್ಲಿ ಬೇಕಾಗಿದ್ದದ್ದು ಹವಾಮಾನದ ಮಾಹಿತಿ ಮತ್ತು ಮೋಡದಲ್ಲಿ ದಾರಿ ತೋರುವ ಉಪಕರಣ. ದೋಣಿಗಳ ಮಾತನ್ನು ಪ್ಲಿಮತ್ತಿಗೆ ಮಾತ್ರ ಜೋಡಿಸಿ, ಅದರ ಮುಂದುವರಿಕೆಯಾಗಿ ಸ್ಕಾಟ್-ಪೇನ್ 1930ರ ದಶಕದ ನಡುವಿನಲ್ಲಿ ಕಟ್ಟಿದ 64 ಅಡಿಯ ಅತಿವೇಗದ ಲಾಂಚ್‌ಗಳನ್ನು ಹೆಸರಿಸಿ. ಎರಡನೆಯ ಮಹಾಯುದ್ಧದಲ್ಲಿ ಕಡಲಿಗೆ ಬಿದ್ದ ವಿಮಾನ ಸಿಬ್ಬಂದಿಯನ್ನು ಎತ್ತಿ ತಂದವುಗಳಲ್ಲಿ ಅವೂ ಸೇರಿವೆ. ಆ ಹೊತ್ತಿಗೆ ಲಾರೆನ್ಸ್ ಇರಲಿಲ್ಲ. ಅವನು 1935ರ ಫೆಬ್ರವರಿಯಲ್ಲಿ ವಾಯುಪಡೆ ಬಿಟ್ಟು, ಅದೇ ಮೇ ತಿಂಗಳಲ್ಲಿ ಮೋಟಾರ್ ಸೈಕಲ್ ಅಪಘಾತದಿಂದ ತೀರಿಕೊಂಡಿದ್ದ.